ಲಡ್ಲೊ ಊಟ ಮಾಡುವುದನ್ನು ನೋಡಲು ಬಂದವರು

ಆಂಬ್ರೋಸ್ ಲಡ್ಲೊ ಸಿನಿಮಾಕ್ಕೆ ಬಂದಾಗ ಅವರಿಗೆ ನಲವತ್ತಾರು ವರ್ಷ. ಅದಕ್ಕೆ ಮೊದಲು ಇಪ್ಪತ್ತು ವರ್ಷ ಊರೂರು ತಿರುಗುವ ನಾಟಕ ಕಂಪನಿಗಳಲ್ಲಿ ಪಾದ್ರಿ, ವಕೀಲ, ನಾಯಕಿಯ ಚಿಕ್ಕಪ್ಪ ಎಲ್ಲ ಆಗಿದ್ದರು. ನಮ್ಮ ಸ್ಟುಡಿಯೊದಲ್ಲಿ ಅವರ ಪಾಲಿಗೆ ಬರುತ್ತಿದ್ದದ್ದು ಒಂದು ಮಾತು, ಹೆಚ್ಚೆಂದರೆ ಎರಡು. ಡಾಕ್ಟರು ಬಂದಿದ್ದಾರೆ ಎನ್ನುವುದು, ಇಲ್ಲವೇ ಮಂಜು ಇನ್ನೂ ಕರಗಿಲ್ಲ ಎನ್ನುವುದು, ಬಾಗಿಲು ಎಳೆದುಕೊಂಡು ಹೋಗುವುದು. ಉದ್ದಕ್ಕೆ ಕೊಡೆ ಮಡಚಿಟ್ಟ ಹಾಗೆ ಇದ್ದರು. ಅವರ ಮುಖವನ್ನು ಎಲ್ಲೋ ನೋಡಿದ್ದೇವೆ ಎಂದು ಎಲ್ಲರಿಗೂ ಅನಿಸುತ್ತಿತ್ತು. ಎಲ್ಲಿ ಎಂದು ಮಾತ್ರ ಯಾರಿಗೂ ಹೊಳೆಯುತ್ತಿರಲಿಲ್ಲ.

ನಾನು ಅದೇ ಸ್ಟುಡಿಯೊದಲ್ಲಿ ಸಿನಿಮಾದ ಊಟ ತಯಾರಿಸುತ್ತಿದ್ದೆ. ಹೆಸರು ಈನಿಡ್ ಟ್ಯಾಪ್ಸೆಲ್. ಗಂಡ ಯುದ್ಧದಲ್ಲಿ ತೀರಿಕೊಂಡ ಮೇಲೆ ಸೇರಿದ ಕೆಲಸ. ಸಿನಿಮಾದ ಊಟ ಅಂದರೆ ತಿನ್ನುವ ಊಟವಲ್ಲ, ಕಾಣುವ ಊಟ. ಯುದ್ಧ ಗೆದ್ದು ಎರಡು ವರ್ಷವಾಗಿದ್ದರೂ ಮಾಂಸ, ಬೆಣ್ಣೆ, ಸಕ್ಕರೆ ಎಲ್ಲ ರೇಷನ್ನಿನಲ್ಲೇ ಇದ್ದವು. ಒಬ್ಬರಿಗೆ ಇಡೀ ವಾರಕ್ಕೆ ಸಿಗುವ ಮಾಂಸ ಅಂಗೈ ಮೇಲೆ ಇಟ್ಟರೆ ಬೆರಳು ಮುಚ್ಚುತ್ತಿರಲಿಲ್ಲ. ಆದರೆ ಸಿನಿಮಾದೊಳಗಿನ ಶ್ರೀಮಂತರು ಊಟಕ್ಕೆ ಕೂರಲೇಬೇಕಲ್ಲ. ನಾನು ಆಲೂಗಡ್ಡೆ ಬೇಯಿಸಿ, ಹಿಸುಕಿ, ಮರದ ಮೂಳೆಯೊಂದರ ಸುತ್ತ ಮೆತ್ತಿ, ಕುರಿ ತೊಡೆಯ ಆಕಾರಕ್ಕೆ ತರುತ್ತಿದ್ದೆ. ಮೇಲೆ ಕಂದು ಬಣ್ಣದ ಸಾರು ಬಳಿದು ಒಲೆಯಲ್ಲಿ ಒಂದು ಸುತ್ತು ಬಿಸಿ ಕಾಣಿಸಿದರೆ ಮಿರಮಿರ ಮಿನುಗುತ್ತಿತ್ತು. ಹತ್ತಿರ ಹೋಗಿ ಮೂಸಿದರೆ ಆಲೂಗಡ್ಡೆಯೇ. ನಟರು ತಟ್ಟೆಯಲ್ಲಿ ಅದನ್ನು ಅತ್ತ ಇತ್ತ ತಳ್ಳುತ್ತಾ ಮಾತು ಮುಗಿಸಿ ಏಳುತ್ತಿದ್ದರು.

ಸಾವಿರದ ಒಂಬೈನೂರ ನಲವತ್ತೇಳರ ವಸಂತದಲ್ಲಿ ನಿರ್ದೇಶಕ ಡೆನ್ಬಿ ಒಂದು ಪ್ರೇಮಕಥೆ ತೆಗೆಯುತ್ತಿದ್ದರು. ಬಂಗಲೆಯಲ್ಲಿ ಹನ್ನೆರಡು ಜನರ ಊಟ. ಮೇಜಿನ ಈ ತುದಿಯಲ್ಲಿ ನಾಯಕ, ಆ ತುದಿಯಲ್ಲಿ ನಾಯಕಿ, ಊಟದ ನಡುವೆ ಇಬ್ಬರಿಗೂ ಜಗಳವಾಗಿ ಸಂಬಂಧ ಮುರಿಯಬೇಕು. ಲಡ್ಲೊ ಏಳನೆಯ ಅತಿಥಿ. ಮಾತಿಲ್ಲ. ಸುಮ್ಮನೆ ತಿನ್ನುತ್ತಿರಿ ಎಂದು ಡೆನ್ಬಿ ಹೇಳಿದರು. ಅವರು ತಿಂದರು.

ಅದನ್ನು ಹೇಗೆ ಹೇಳಲಿ? ಅವರೇನೂ ಗಬಗಬ ತಿನ್ನಲಿಲ್ಲ. ಚಾಕುವನ್ನು ಒಂದು ಕ್ಷಣ ಹಾಗೇ ಹಿಡಿದರು. ಒಂದು ಹೋಳು ಕತ್ತರಿಸಿ, ಪುದೀನ ಗೊಜ್ಜಿಗೆ ತಾಗಿಸಿ ಬಾಯಿಗಿಟ್ಟರು. ಇಟ್ಟ ಮೇಲೆ ಅವರ ಕಣ್ಣು ಎಲ್ಲೋ ದೂರ ಹೋಗಿ ನಿಂತಿತು. ದವಡೆ ನಿಧಾನಕ್ಕೆ ಆಡಿತು. ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬಂತು. ಆಮೇಲೆ ಮುಖದಲ್ಲಿ ಮೂಡಿದ ಸಮಾಧಾನವಿತ್ತಲ್ಲ, ಅಂಥದ್ದನ್ನು ಏಳು ವರ್ಷಗಳಿಂದ ನಮ್ಮ ದೇಶದಲ್ಲಿ ಯಾರ ಮುಖದ ಮೇಲೂ ನಾನು ನೋಡಿರಲಿಲ್ಲ. ಏಣಿಯ ಮೇಲೆ ದೀಪ ಹಿಡಿದು ಕೂತಿದ್ದವರು ಬಾಯಿ ಚಪ್ಪರಿಸಿದರು. ನಾಯಕಿ ಉಂಗುರ ಕಿತ್ತು ಎಸೆಯಬೇಕಿತ್ತು. ಆಕೆ ಉಂಗುರ ಹಿಡಿದುಕೊಂಡು ಲಡ್ಲೊ ಅವರನ್ನೇ ನೋಡುತ್ತಾ ಕೂತಳು. ಕ್ಯಾಮೆರಾದವನು ತನಗೇ ಗೊತ್ತಿಲ್ಲದ ಹಾಗೆ ನಾಯಕನನ್ನು ಬಿಟ್ಟು ಏಳನೆಯ ಅತಿಥಿಯ ಕಡೆ ತಿರುಗಿದ್ದ.

ಡೆನ್ಬಿ ಚಿತ್ರೀಕರಣ ನಿಲ್ಲಿಸಿದರು.

"ಏನ್ ಮಾಡ್ತಿದೀರಿ ಲಡ್ಲೊ?"

"ತಿಂತಾ ಇರಿ ಅಂದ್ರಲ್ಲ ಸಾರ್."

"ಅಂದೆ ಕಣ್ರೀ, ಆದ್ರೆ ಹೀಗಾ? ಮೈಮೇಲೆ ಬಟ್ಟೆ ಇಲ್ಲದೋರನ್ನ ನೋಡಿದ ಹಾಗಾಯ್ತು ನಂಗೆ."

ಇನ್ನೂ ನಾಲ್ಕು ಸಲ ತೆಗೆದರು. ಕಡಿಮೆ ರುಚಿಯಾಗಿ ತಿನ್ನಿ ಎಂದು ಡೆನ್ಬಿ ಎಷ್ಟು ಹೇಳಿದರೂ ಅವರಿಗೆ ಅದು ಬರಲಿಲ್ಲ. ಕೊನೆಗೆ ಹೊತ್ತು ಮೀರಿತೆಂದು ಹಾಗೆಯೇ ಬಿಟ್ಟರು.

ಸಿನಿಮಾ ಬಿಡುಗಡೆಯಾದ ಮೂರನೆಯ ವಾರಕ್ಕೆ ಸುದ್ದಿ ಬರತೊಡಗಿತು. ಕ್ರಾಯ್ಡನ್ನಿನ ಟಾಕೀಸಿನಲ್ಲಿ ಜನ ಊಟದ ದೃಶ್ಯಕ್ಕೆ ಸರಿಯಾಗಿ ಒಳಗೆ ಬಂದು, ಅದು ಮುಗಿದ ಕೂಡಲೇ ಎದ್ದು ಹೋಗುತ್ತಿದ್ದರಂತೆ. ನಾಯಕ ನಾಯಕಿ ಮತ್ತೆ ಒಂದಾದರೋ ಇಲ್ಲವೋ ಆ ಊರಿನಲ್ಲಿ ಅರ್ಧ ಜನಕ್ಕೆ ಇವತ್ತಿಗೂ ಗೊತ್ತಿಲ್ಲ. ಮ್ಯಾನೇಜರು ಹೊರಗೆ ಹಲಗೆ ತೂಗುಹಾಕಿದ: ಊಟ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ, ಸಂಜೆ ಆರೂ ಹತ್ತಕ್ಕೆ. ನಾನೇ ಒಂದು ಶನಿವಾರ ಹೋಗಿ ನೋಡಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದಳು. ಒಳಗೆ ಒಂದು ಒಣ ಬ್ರೆಡ್ಡು, ನಾಲ್ಕು ಪುದೀನ ಎಲೆ. ಪರದೆಯ ಮೇಲೆ ಲಡ್ಲೊ ಬಾಯಿ ತೆರೆದಾಗ ಅವಳೂ ತೆರೆದಳು. ತಿರುಗಿ ನೋಡಿದರೆ ಇಡೀ ಟಾಕೀಸೇ ಅವರ ಜೊತೆ ಅಗಿಯುತ್ತಿತ್ತು. ಅವರು ನುಂಗಿದಾಗ ಎಂಟುನೂರು ಜನ ನುಂಗಿದರು. ಮುಂದಿನ ಸಾಲಿನ ಮುದುಕರೊಬ್ಬರು ಸೊಂಟದ ಪಟ್ಟಿ ಒಂದು ತೂತು ಸಡಿಲ ಮಾಡಿಕೊಂಡರು.

ಅಲ್ಲಿಂದ ಮುಂದೆ ಲಡ್ಲೊ ಇಲ್ಲದ ಸಿನಿಮಾ ನಮ್ಮ ಸ್ಟುಡಿಯೊದಲ್ಲಿ ತಯಾರಾಗಲಿಲ್ಲ. ಕಥೆ ಯಾವುದೇ ಇರಲಿ, ನಡುವೆ ಎಲ್ಲೋ ಒಂದು ಕಡೆ ಅವರು ಊಟಕ್ಕೆ ಕೂರಬೇಕು. ಮುಳುಗುತ್ತಿರುವ ಜಲಾಂತರ್ಗಾಮಿಯಲ್ಲಿ ಎಲ್ಲರೂ ಮನೆಗೆ ಕಡೆಯ ಕಾಗದ ಬರೆಯುತ್ತಿದ್ದರೆ ಇವರು ಒಂದು ಮೂಲೆಯಲ್ಲಿ ಮಾಂಸದ ಕಡುಬು ತಿನ್ನುತ್ತಿದ್ದರು. ಒಂದು ಕೊಲೆ ಸಿನಿಮಾದಲ್ಲಿ ಪೊಲೀಸ್ ಇನ್ಸ್‌ಪೆಕ್ಟರು ಕೊಲೆಗಾರನ ಹೆಸರು ಹೇಳಲು ಬಾಯಿ ತೆರೆದು, ಸಾಕ್ಷಿ ಲಡ್ಲೊ ಅವರ ಊಟ ಮುಗಿಯುವವರೆಗೆ ಏಳು ನಿಮಿಷ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ನೋಡುವವರಲ್ಲಿ ಒಬ್ಬರಿಗೂ ಅದು ಹೆಚ್ಚಾಯಿತು ಎನಿಸಲಿಲ್ಲ.

ಹೆಸರು ಬಂದದ್ದು ಹೀಗೆ. ಕಷ್ಟ ಬಂದದ್ದೂ ಹೀಗೆಯೇ.

ಅವರ ರೇಷನ್ ಪುಸ್ತಕ ನಮ್ಮ ಬೀದಿಯ ಕಟುಕ ಬ್ಲೆಂಕಿನ್ನನ ಅಂಗಡಿಯಲ್ಲಿ ದಾಖಲಾಗಿತ್ತು. ನನ್ನದೂ ಅಲ್ಲೇ. ಒಂದು ಶುಕ್ರವಾರ ಬೆಳಗ್ಗೆ ನಾವಿಬ್ಬರೂ ಸಾಲಿನಲ್ಲಿ ಹಿಂದೆ ಮುಂದೆ ನಿಂತಿದ್ದೆವು. ಅವರ ಸರದಿ ಬಂದಾಗ ಬ್ಲೆಂಕಿನ್ ಪುಸ್ತಕವನ್ನು ತೆರೆಯದೆ ವಾಪಸು ತಳ್ಳಿದ.

"ನಿಮಗೆ ಈ ವಾರ ಇಲ್ಲ."

"ಯಾಕಪ್ಪಾ?"

"ಯಾಕೆ ಅಂತ ಕೇಳ್ತೀರಲ್ಲ. ಮೊನ್ನೆ ಶನಿವಾರ ಒಂದಿಡೀ ಕುರಿ ತೊಡೆ ತಿಂದ್ರಿ. ನಾನೂ ನೋಡಿದೀನಿ, ನನ್ನ ಹೆಂಡ್ತೀನೂ ನೋಡಿದಾಳೆ."

"ಅದು ಆಲೂಗಡ್ಡೆ ಕಣಯ್ಯ. ಈಕೆ ಮಾಡಿದ್ದು, ಬೇಕಾದ್ರೆ ಕೇಳು."

ನಾನು ಹೌದು ಎಂದೆ. ಬ್ಲೆಂಕಿನ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಆಲೂಗಡ್ಡೆ ತಿನ್ನೋನ ಮುಖ ಹೇಗಿರುತ್ತೆ ಅಂತ ನಂಗೆ ಹೇಳ್ಕೊಡ್ತೀರಾ? ಏಳು ವರ್ಷದಿಂದ ಈ ಬೀದೀಲಿ ಎಲ್ರೂ ಅದನ್ನೇ ತಿಂತಿರೋದು. ದಿನಾ ನೋಡ್ತೀನಿ ಆ ಮುಖಗಳನ್ನ."

ಸಾಲಿನಲ್ಲಿ ನಿಂತವರು ತಲೆಯಾಡಿಸಿದರು. ಹೊಟ್ಟೆ ತುಂಬಿದವರು ಬಡವರ ಪಾಲಿಗೆ ಕೈ ಚಾಚಬಾರದು ಎಂದು ಹಿಂದಿನಿಂದ ಯಾರೋ ಗೊಣಗಿದರು. ಲಡ್ಲೊ ಟೋಪಿ ಎತ್ತಿ ಎಲ್ಲರಿಗೂ ವಂದಿಸಿ ಹೊರಟುಹೋದರು. ಮೊಟ್ಟೆಯವಳೂ ಬೆಣ್ಣೆಯವನೂ ಇದನ್ನೇ ಹಿಡಿದರು. ಅವರು ಒಂದು ಕಡೆ ತಿಂಡಿಗೆಂದು ಕೂತರೆ ಸುತ್ತಲಿನವರು ಕುರ್ಚಿ ತಿರುಗಿಸಿಕೊಂಡು ನೋಡುತ್ತಿದ್ದರು. ಎದುರಿಗೆ ತಂದಿಟ್ಟದ್ದು ಬರೀ ಚಹಾ ಆಗಿದ್ದರೆ ಮೋಸ ಹೋದವರಂತೆ ಬೈಯುತ್ತಿದ್ದರು. ಅವರು ದಿನೇ ದಿನೇ ಬಡಕಲಾದರು. ಆದರೆ ಪರದೆಯ ಮೇಲೆ ಉಂಡು ಬೆಳೆದ ದೇಹ ಬೇಕಲ್ಲ. ವಸ್ತ್ರ ವಿಭಾಗದವರು ಅಂಗಿಯೊಳಗೆ ಕುದುರೆ ಕೂದಲಿನ ದಿಂಬು ಕಟ್ಟತೊಡಗಿದರು. ಮೊದಲು ಒಂದು, ಮರುವರ್ಷಕ್ಕೆ ಮೂರು.

ಐವತ್ತೊಂದರಲ್ಲಿ ರೇಷನ್ ಕಚೇರಿಯಿಂದ ಮಿಸ್ ಪ್ರಾದರೊ ಎಂಬವರು ಸ್ಟುಡಿಯೊಗೆ ತಪಾಸಣೆಗೆ ಬಂದರು. ಬೂದು ಕೋಟು, ತಕ್ಕಡಿಯ ಪೆಟ್ಟಿಗೆ, ಸಾರ್ವಜನಿಕರಿಂದ ಬಂದ ಇನ್ನೂರು ಚಿಲ್ಲರೆ ದೂರಿನ ಕಾಗದ. ಒಬ್ಬ ನಿವೃತ್ತ ಕರ್ನಲ್ ಒಂದೇ ಸಿನಿಮಾವನ್ನು ಹನ್ನೊಂದು ಸಲ ನೋಡಿ, ಲಡ್ಲೊ ತಿಂದ ತುತ್ತುಗಳನ್ನೆಲ್ಲ ನಕ್ಷೆ ಸಮೇತ ಬರೆದು ಕಳಿಸಿದ್ದರು. ಮಿಸ್ ಪ್ರಾದರೊ ಸೌಜನ್ಯದ ಹೆಂಗಸು. ನನ್ನ ಅಡುಗೆಮನೆಗೆ ಬಂದು, ಅನುಮತಿ ಕೇಳಿ, ಕುರಿ ತೊಡೆಯನ್ನು ತೂಗಿ, ಒಂದು ತುಂಡು ಕತ್ತರಿಸಿ ಬಾಯಿಗೆ ಹಾಕಿಕೊಂಡರು.

"ಆಲೂಗಡ್ಡೆ," ಎಂದರು.

"ಅದನ್ನೇ ನಾಲ್ಕು ವರ್ಷದಿಂದ ಹೇಳ್ತಿದೀನಿ ಮೇಡಂ."

ಅವರು ವರದಿ ಬರೆದು ಸಹಿ ಹಾಕಿದರು. ಅಲ್ಲಿಗೇ ಹೊರಟುಹೋಗಿದ್ದರೆ ಎಲ್ಲ ಸರಿಯಾಗುತ್ತಿತ್ತು. ಇಷ್ಟು ದೂರ ಬಂದಿದ್ದೀರಿ, ಚಿತ್ರೀಕರಣ ನೋಡಿಕೊಂಡು ಹೋಗಿ ಎಂದು ಡೆನ್ಬಿ ಅವರಿಗೆ ಕುರ್ಚಿ ಹಾಕಿಸಿದರು. ಲಡ್ಲೊ ಬಂದು, ದಿಂಬುಗಳನ್ನು ಸರಿಪಡಿಸಿಕೊಂಡು ಕೂತು, ಅದೇ ತೊಡೆಯಿಂದ, ಮಿಸ್ ಪ್ರಾದರೊ ಕತ್ತರಿಸಿದ ಜಾಗದ ಪಕ್ಕದಿಂದಲೇ, ಒಂದು ಹೋಳು ತೆಗೆದು ತಿಂದರು.

ದೃಶ್ಯ ಮುಗಿದಾಗ ಮಿಸ್ ಪ್ರಾದರೊ ಕರವಸ್ತ್ರದಿಂದ ತುಟಿ ಒರೆಸಿಕೊಂಡರು. ವರದಿಯನ್ನು ಹೊರತೆಗೆದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಹರಿದು ಇನ್ನೊಂದು ಬರೆಯಲು ಕೂತರು. ನಾನು ಹೋಗಿ ಏನಾಯಿತು ಎಂದು ಕೇಳಿದೆ.

"ನಾನು ಸುಳ್ಳು ಬರೆಯೋಳಲ್ಲಮ್ಮ," ಎಂದರು. "ನಾನು ತಿಂದಿದ್ದು ಆಲೂಗಡ್ಡೆ. ಅವರು ತಿಂದಿದ್ದು ಕುರಿ. ಎರಡನ್ನೂ ಬರೀಬೇಕಾಗುತ್ತೆ."

ಆರು ವಾರ ಕಳೆದ ಮೇಲೆ ಕಚೇರಿಯಿಂದ ಆದೇಶ ಬಂತು. ಕುರಿ ತೊಡೆ ಮೂಲದಲ್ಲಿ ಆಲೂಗಡ್ಡೆಯೇ ಆಗಿರುವುದರಿಂದ ಸ್ಟುಡಿಯೊ ಮೇಲೆ ಯಾವ ತಪ್ಪೂ ಇಲ್ಲ. ಆದರೆ ಆಂಬ್ರೋಸ್ ಲಡ್ಲೊ ಎಂಬವರು ಅದನ್ನು ಸೇವಿಸುವ ಹೊತ್ತಿಗೆ ಅದು ಮಾಂಸವಾಗುತ್ತಿರುವುದು ಕಣ್ಣಾರೆ ಕಂಡುಬಂದಿರುವುದರಿಂದ, ಕರ್ನಲ್ ಅವರ ನಕ್ಷೆಯ ಪ್ರಕಾರ ಅವರು ಈಗಾಗಲೇ ಮೂವತ್ತೆರಡು ವರ್ಷಗಳ ಮಾಂಸದ ರೇಷನ್ ಮುಂಚಿತವಾಗಿ ತಿಂದು ಮುಗಿಸಿದ್ದಾರೆ. ಸಾವಿರದ ಒಂಬೈನೂರ ಎಂಬತ್ತಮೂರನೆಯ ಇಸವಿಯವರೆಗೆ ಅವರಿಗೆ ಮಾಂಸ ಕೊಡತಕ್ಕದ್ದಲ್ಲ.

ಲಡ್ಲೊ ಆದೇಶವನ್ನು ಎರಡು ಸಲ ಓದಿದರು. ಅವರಿಗೆ ಕೋಪ ಬರಲಿಲ್ಲ. ನಟನ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ಯಾವ ಪತ್ರಿಕೆಯೂ ಬರೆದಿಲ್ಲ ಎಂದರು. ಆಗ ತನಗೆ ಎಂಬತ್ತನಾಲ್ಕು ವರ್ಷವಾಗಿರುತ್ತದೆ, ಹಲ್ಲು ಇರುತ್ತದೋ ಇಲ್ಲವೋ ಎಂದೂ ಸೇರಿಸಿದರು. ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು.

ನನಗೆ ಮಾತ್ರ ತಡೆಯಲಾಗಲಿಲ್ಲ. ಎಷ್ಟೆಂದರೂ ಆ ತೊಡೆ ಮಾಡಿದವಳು ನಾನು. ಭಾನುವಾರ ಮಧ್ಯಾಹ್ನ ಮನೆಗೆ ಊಟಕ್ಕೆ ಬನ್ನಿ ಎಂದು ಕರೆದೆ. ನನ್ನ ವಾರದ ಮಾಂಸವನ್ನೆಲ್ಲ ಒಂದೇ ಸಲ ಹಾಕಿ, ಕ್ಯಾರೆಟ್ಟು, ಈರುಳ್ಳಿ ಸೇರಿಸಿ, ಎರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿದೆ. ಯುದ್ಧ ಶುರುವಾದ ಮೇಲೆ ನಾನು ಇನ್ನೊಬ್ಬರಿಗಾಗಿ ಅಷ್ಟು ಆಸ್ಥೆಯಿಂದ ಅಡುಗೆ ಮಾಡಿದ್ದು ಅದೇ ಮೊದಲು. ಬಡಿಸಿ, ಎದುರಿಗೆ ಕೂತು, ಅವರ ಮುಖ ನೋಡುತ್ತಾ ಕಾದೆ.

ಅವರು ಅಂಚೆ ಡಬ್ಬಿಗೆ ಕಾಗದ ಹಾಕುವ ಹಾಗೆ ತಿಂದರು. ತುತ್ತು ಹೋಯಿತು, ಇನ್ನೊಂದು ಹೋಯಿತು. ಕಿಟಕಿಯ ಆಚೆ ನೋಡುತ್ತಾ ಬಸ್ಸಿನ ವಿಷಯ ಮಾತಾಡಿದರು. ತಟ್ಟೆ ಖಾಲಿಯಾದದ್ದು ಅವರಿಗೆ ಗೊತ್ತೇ ಆಗಲಿಲ್ಲ; ಬರೀ ಚಮಚವನ್ನು ಒಮ್ಮೆ ಬಾಯಿಗೆ ಇಟ್ಟುಕೊಂಡರು.

ನನಗೆ ಅಳು ಬಂತು, ಸಿಟ್ಟೂ ಬಂತು.

"ಆಲೂಗಡ್ಡೆಗೆ ಅಷ್ಟೆಲ್ಲ ಮಾಡ್ತೀರಿ," ಎಂದೆ, "ನನ್ನ ನಿಜವಾದ ಮಾಂಸಕ್ಕೆ ಒಂದು ಹುಬ್ಬೂ ಏರ್ಲಿಲ್ವಲ್ಲ ನಿಮಗೆ."

ಅವರು ಚಮಚ ಕೆಳಗಿಟ್ಟರು.

"ನಂಗೆ ರುಚಿ ಗೊತ್ತಾಗಲ್ಲ ಈನಿಡ್. ವಾಸನೇನೂ ಗೊತ್ತಾಗಲ್ಲ. ಮೊದಲ್ನೇ ಯುದ್ಧದಲ್ಲಿ, ಹದಿನೆಂಟನೇ ಇಸವೀಲಿ, ಫ್ರಾನ್ಸಲ್ಲಿ ವಿಷದ ಗಾಳಿ ಬಿಟ್ರಲ್ಲ, ಅವತ್ತಿಂದ. ಆಗ ನಂಗೆ ಹತ್ತೊಂಬತ್ತು."

ಅವರೇ ಮುಂದುವರಿಸಿದರು. ಕ್ಯಾಮೆರಾ ತಿರುಗತೊಡಗಿದಾಗ ತಾನು ತಟ್ಟೆಯಲ್ಲಿರುವುದನ್ನು ತಿನ್ನುವುದಿಲ್ಲ, ಹತ್ತೊಂಬತ್ತು ತುಂಬುವ ಮೊದಲು ತಿಂದ ಊಟಗಳಲ್ಲಿ ಒಂದನ್ನು ಹೊರತೆಗೆದು ತಿನ್ನುತ್ತೇನೆ ಎಂದರು. ಅಮ್ಮ ಈಸ್ಟರಿಗೆ ಮಾಡುತ್ತಿದ್ದ ಕುರಿ ತೊಡೆ. ಚಿಕ್ಕಮ್ಮನ ಮದುವೆಯ ಹಂದಿ ಮಾಂಸ. ಶಾಲೆಯಿಂದ ಬರುವಾಗ ಕದ್ದು ತಿಂದ ಬಿಸಿ ಕಡುಬು, ನಾಲಿಗೆ ಸುಟ್ಟದ್ದು. ಒಂದನ್ನು ಎಷ್ಟು ಸಲ ತೆಗೆದರೂ ಸವೆಯುವುದಿಲ್ಲವಂತೆ. ಆದರೆ ಕ್ಯಾಮೆರಾ ಇಲ್ಲದೆ ಅದು ಬರುವುದಿಲ್ಲ. ಮನೆಯಲ್ಲಿ ಒಬ್ಬರೇ ಕೂತು ಎಷ್ಟೋ ಸಲ ಪ್ರಯತ್ನ ಮಾಡಿ ನೋಡಿದ್ದಾರೆ.

"ಒಬ್ರು ನೋಡ್ತಿರ್ಬೇಕು, ಅಷ್ಟೆ," ಎಂದರು.

"ನಾನು ನೋಡ್ತಿದ್ನಲ್ಲ."

"ನೀವು ನನ್ನ ನೋಡ್ತಿದ್ರಿ ಈನಿಡ್. ಅವರು ಊಟಾನ ನೋಡ್ತಾರೆ."

ನನ್ನ ಕಿವಿ ಬಿಸಿಯಾಯಿತು. ಬೇಗ ಬೇಗ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಮುಂದಿನ ಭಾನುವಾರವೂ ಅವರು ಬಂದರು. ಅದರ ಮುಂದಿನ ಭಾನುವಾರವೂ ಬಂದರು. ಮೂರನೆಯ ವರ್ಷಕ್ಕೆ, ಹೇಗೂ ಬರುತ್ತೀರಿ, ಪೆಟ್ಟಿಗೆ ತಂದುಬಿಡಿ ಎಂದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆವು. ಡೆನ್ಬಿ ಸಾಕ್ಷಿ ಹಾಕಿದರು.

ಅದೇ ಬೇಸಿಗೆ, ಐವತ್ತನಾಲ್ಕರ ಜುಲೈ ನಾಲ್ಕಕ್ಕೆ, ಮಾಂಸದ ರೇಷನ್ ಎತ್ತಿದರು. ಬೀದಿಯಲ್ಲಿ ಜನ ರೇಷನ್ ಪುಸ್ತಕಗಳನ್ನು ಗುಡ್ಡೆ ಹಾಕಿ ಸುಟ್ಟರು. ಬ್ಲೆಂಕಿನ್ ತನ್ನ ಕಿಟಕಿಯಲ್ಲಿ ಒಂದಿಡೀ ಕುರಿ ತೂಗುಹಾಕಿ ಅದಕ್ಕೆ ಕಾಗದದ ಹೂವು ಚುಚ್ಚಿದ. ಲಡ್ಲೊ ಅವರಿಗೆ ಮಾತ್ರ ಆಗಲೂ ಕೊಡಲಿಲ್ಲ. ರೇಷನ್ ಹೋಗಿರಬಹುದು, ಎಂಬತ್ತಮೂರರ ಆದೇಶ ಹೋಗಿದೆ ಎಂದು ಯಾರೂ ತನಗೆ ಹೇಳಿಲ್ಲ ಎಂದ. ನಾನೇ ನನ್ನ ಹೆಸರಿನಲ್ಲಿ ತರುತ್ತಿದ್ದೆ.

ಆಗಸ್ಟಿನಲ್ಲಿ ಹೊಸ ಸಿನಿಮಾ ಬಂತು. ರೋಮ್ ಚಕ್ರವರ್ತಿಯ ಔತಣ, ಹನ್ನೊಂದು ನಿಮಿಷ. ಆಂಬ್ರೋಸ್ ತಮ್ಮ ನೆನಪಿನ ಪೆಟ್ಟಿಗೆಯಲ್ಲಿದ್ದ ಅತ್ಯುತ್ತಮ ಊಟಗಳನ್ನೆಲ್ಲ ಹೊರತೆಗೆದಿದ್ದರು. ನಾವಿಬ್ಬರೂ ಕ್ರಾಯ್ಡನ್ನಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಎರಡನೆಯ ನಿಮಿಷಕ್ಕೆ ಯಾರೋ ಕೆಮ್ಮಿದರು. ನಾಲ್ಕನೆಯ ನಿಮಿಷಕ್ಕೆ ನಮ್ಮ ಮುಂದಿದ್ದವನು ಹೆಂಡತಿಗೆ, ಈ ಮುದುಕ ಯಾಕೆ ಇಷ್ಟೊತ್ತು ಅಗೀತಾನೆ, ಹಲ್ಲು ನೋವಾ ಎಂದು ಕೇಳಿದ. ಅವಳು ಗೊತ್ತಿಲ್ಲ, ಮನೆಗೆ ಹೋಗಿ ಚಾಪ್ಸ್ ಮಾಡಬೇಕು ಎಂದಳು. ಆಂಬ್ರೋಸ್ ನನ್ನ ಕೈ ಹಿಡಿದುಕೊಂಡರು. ಎರಡನೆಯ ವಾರಕ್ಕೆ ಆ ಹನ್ನೊಂದು ನಿಮಿಷವನ್ನು ನಲವತ್ತು ಸೆಕೆಂಡಿಗೆ ಕತ್ತರಿಸಿದರು.

ಡೆನ್ಬಿ ಒಳ್ಳೆಯವರು, ಸುಲಭಕ್ಕೆ ಕೈಬಿಡಲಿಲ್ಲ. ಉಪವಾಸ ಮಾಡುವ ಸಂತನ ಪಾತ್ರ ಕೊಟ್ಟು ನೋಡಿದರು. ಸಂತ ಒಳಗೊಳಗೇ ಎಲ್ಲೋ ತಿನ್ನುತ್ತಿದ್ದಾನೆ ಎಂದು ಜನ ನಕ್ಕರು. ಕೊನೆಗೆ ಆಂಬ್ರೋಸ್ ಮತ್ತೆ ಬಾಗಿಲ ಬಳಿಗೆ ಬಂದರು. ಡಾಕ್ಟರು ಬಂದಿದ್ದಾರೆ ಎನ್ನುತ್ತಿದ್ದರು. ಕೆಲವು ಸಲ ಆ ಮಾತನ್ನೂ ಡಾಕ್ಟರಿಗೇ ಕೊಟ್ಟುಬಿಡುತ್ತಿದ್ದರು.

ಹೀಗೆ ಮೂರು ವರ್ಷ ಕಳೆದ ಮೇಲೆ ಸರ್ಬಿಟನ್ನಿನಿಂದ ಮಿಸೆಸ್ ಹೆಸ್ಕೆತ್ ಎಂಬವರು ಮನೆಗೆ ಬಂದರು. ಮಾಂಸ, ಬೆಣ್ಣೆ, ಸಕ್ಕರೆ ಮೂರು ವರ್ಷ ಧಾರಾಳವಾಗಿ ಸಿಕ್ಕಿದ ಪರಿಣಾಮ ಅವರ ಮೇಲೆ ಚೆನ್ನಾಗಿಯೇ ಆಗಿತ್ತು. ನಮ್ಮ ಕುರ್ಚಿಯಲ್ಲಿ ಕೂರಲು ಧೈರ್ಯ ಸಾಲದೆ ನಿಂತೇ ಮಾತಾಡಿದರು. ಅವರ ಬಡಾವಣೆಯ ಹೆಂಗಸರು ತೂಕ ಇಳಿಸಲು ಒಂದು ಸಂಘ ಕಟ್ಟಿಕೊಂಡಿದ್ದರು. ಇಪ್ಪತ್ತೇಳು ಸದಸ್ಯೆಯರು, ಒಬ್ಬರಿಗೂ ಬಾಯಿ ಕಟ್ಟಲು ಆಗುತ್ತಿರಲಿಲ್ಲ. ಆಗ ಮಿಸೆಸ್ ಹೆಸ್ಕೆತ್‌ಗೆ ಹಳೆಯದು ನೆನಪಾಗಿತ್ತು.

"ನಲವತ್ತೆಂಟರಲ್ಲಿ ನಿಮ್ಮ ಕುರಿ ತೊಡೆ ನೋಡ್ಕೊಂಡು ಬಂದ್ರೆ ಮಾರನೇ ದಿನ ಮಧ್ಯಾಹ್ನದವರೆಗೂ ನಂಗೆ ಹಸಿವಾಗ್ತಿರ್ಲಿಲ್ಲ ಲಡ್ಲೊ ಅವ್ರೆ. ನೀವು ಗುರುವಾರ ಬಂದು ನಮ್ಮೆದುರು ಒಂದು ಕೇಕ್ ತಿನ್ಬೇಕು. ಅಷ್ಟೇ ನಾವು ಕೇಳೋದು."

ಆಂಬ್ರೋಸ್ ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಸಂಘದ ನಿಯಮದಂತೆ ಸಭಾಂಗಣದೊಳಗೆ ಕೇಕ್ ತರುವಂತಿರಲಿಲ್ಲ, ಹಾಗಾಗಿ ನಾನು ಮತ್ತೆ ಆಲೂಗಡ್ಡೆ ಬೇಯಿಸಿದೆ. ಮೂರು ಅಂತಸ್ತು, ಮೇಲೆ ಸುಣ್ಣದಷ್ಟು ಬೆಳ್ಳಗಿನ ಹಿಟ್ಟಿನ ಕೆನೆ, ಬೀಟ್‌ರೂಟಿನ ಚೆರ್ರಿ.

ಅವರು ವೇದಿಕೆಯ ಮೇಲೆ ಕೂತರು. ಕ್ಯಾಮೆರಾ ಇರಲಿಲ್ಲ, ಆದರೆ ಇಪ್ಪತ್ತೇಳು ಜೊತೆ ಕಣ್ಣಿದ್ದವು, ಅವೆಲ್ಲ ಊಟವನ್ನೇ ನೋಡುತ್ತಿದ್ದವು. ಆಂಬ್ರೋಸ್ ಚಮಚ ಎತ್ತಿದರು. ಅವರ ಕಣ್ಣು ದೂರ ಹೋಗಿ ನಿಂತದ್ದನ್ನು ನಾನು ಬಾಗಿಲ ಬಳಿಯಿಂದ ಕಂಡೆ. ಹೆಂಗಸರು ಉಸಿರು ಬಿಗಿಹಿಡಿದರು, ನುಂಗಿದರು, ಒಬ್ಬೊಬ್ಬರಾಗಿ ಬೆನ್ನು ಒರಗಿಸಿ ಕೂತರು. ಸಭೆ ಮುಗಿದ ಮೇಲೆ ಚಹಾಕ್ಕೆ ಸಕ್ಕರೆ ಸಹ ಯಾರಿಗೂ ಬೇಡವಾಯಿತು. ಎರಡು ತಿಂಗಳಿಗೆ ಸಂಘ ಒಟ್ಟು ಹದಿಮೂರು ಮಣ ಇಳಿಯಿತು. ಸುತ್ತಲಿನ ಊರುಗಳಿಂದ ಕರೆ ಬಂತು. ಸೋಮವಾರ ಕಿಂಗ್‌ಸ್ಟನ್, ಮಂಗಳವಾರ ಎಪ್ಸಮ್, ಗುರುವಾರ ಸರ್ಬಿಟನ್. ಸಿನಿಮಾದವರು ಮತ್ತೊಂದು ಬಾಗಿಲ ಪಾತ್ರಕ್ಕೆ ಕರೆದಾಗ ಆಂಬ್ರೋಸ್ ಪುರಸೊತ್ತಿಲ್ಲ ಎಂದು ಕಾಗದ ಬರೆದರು. ಅದನ್ನು ಅಂಚೆಗೆ ಹಾಕುವ ಮೊದಲು ನನಗೆ ಓದಿ ಹೇಳಿದರು, ಆಮೇಲೆ ಇನ್ನೊಮ್ಮೆ ತಾವೇ ಓದಿಕೊಂಡರು.

ಒಂದು ಗುರುವಾರ ಬಾಗಿಲ ಬಳಿ ನಿಂತು ಕಾಲು ನೋವು ಬಂದು ನಾನೂ ಹೆಂಗಸರ ನಡುವೆ ಖಾಲಿ ಕುರ್ಚಿ ಹಿಡಿದು ಕೂತೆ. ಅವತ್ತು ಅವರ ಮುಖ ನೋಡಲಿಲ್ಲ, ಕೇಕನ್ನೇ ನೋಡಿದೆ. ನಾನೇ ಬೆಳಗ್ಗೆ ಹಿಸುಕಿದ ಆಲೂಗಡ್ಡೆ. ಅವರ ಎರಡನೆಯ ತುತ್ತಿಗೆ ನನ್ನ ಬಾಯಲ್ಲಿ ಬಾದಾಮಿ ಬಂತು, ಮೂರನೆಯದಕ್ಕೆ ಏಪ್ರಿಕಾಟ್ ಜಾಮ್. ಅದು ಯಾರ ಮನೆಯ ಯಾವ ಹುಟ್ಟುಹಬ್ಬದ್ದೋ. ಕಣ್ಣು ಮುಚ್ಚಿಕೊಂಡು ತಿಂದೆ.

ಮನೆಗೆ ಬಂದವಳೇ ಚಪ್ಪಲಿ ಕಳಚಿ ಕುರ್ಚಿಗೆ ಒರಗಿದೆ. ಹೊಟ್ಟೆ ಭಾರವಾಗಿ ಏಳಲು ಮನಸ್ಸಾಗಲಿಲ್ಲ. ಸ್ವಲ್ಪ ಹೊತ್ತಿಗೆ ಆಂಬ್ರೋಸ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಊಟಕ್ಕೆ ಏನ್ ಮಾಡ್ತೀಯ?"

"ನಂಗೆ ಬೇಡಪ್ಪ. ಹೊಟ್ಟೆ ತುಂಬಿದೆ."

ಅವರು ಹೂಂ ಎಂದರು. ಆಮೇಲೆ ತಾವೇ ಹೋಗಿ ಸಾರ್ಡೀನ್ ಮೀನಿನ ಡಬ್ಬಿ ಹುಡುಕಿ ತೆಗೆದು, ಮುಚ್ಚಳ ತೆರೆದು, ಪತ್ರಿಕೆ ಓದುತ್ತಾ, ಒಂದೊಂದೇ ಮೀನನ್ನು ಬಾಯೆಂಬ ಅಂಚೆ ಡಬ್ಬಿಗೆ ಹಾಕತೊಡಗಿದರು.